ಪಾಲಾರ್ ಹೊಳೆ ಹಿಡ್ಕೊಂಡು ಬಂದವ್ರು: ಕೋಲಾರದ ಸೀಮೇಲಿ "ಯಾವೂರು ನಿಮ್ದು?"

ಕೆಲವು ವರ್ಷದ ಹಿಂದೆ ನಾನೂ ನನ್ನ ಫ್ರೆಂಡೂ ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕ್ತಾ ಇದ್ವಿ. ಒಂದು ಮನೆ ಓನರ್ ಗೇಟ್ ಹತ್ರನೇ ನಿಂತ್ಕೊಂಡು ಕೇಳಿದ ಮೊದಲ ಪ್ರಶ್ನೆ "ಯಾವೂರಪ್ಪಾ ನಿಮ್ದು?" ನಾನು ಮುಳಬಾಗಿಲು ಅಂದೆ, ನನ್ನ ಫ್ರೆಂಡ್ ಕೆಜಿಎಫ್ ಅಂದ. ಎರಡೂ ಕೋಲಾರ ಜಿಲ್ಲೆನೇ. ನನ್ನ ಬಗ್ಗೆ ಮುಂದಕ್ಕೆ ಏನೂ ಕೇಳ್ಲಿಲ್ಲ, ಅವನ ಕಡೆ ತಿರುಗಿ "ಓ, ತಮಿಳ್ನೋರಾ? ಯಾವಾಗ ಬಂದ್ರಿ ಈ ಕಡೆ?" ಅಂದ್ರು. ನನ್ನ ಫ್ರೆಂಡ್ ಹುಟ್ಟಿದ್ದು ಕೆಜಿಎಫ್, ಅವರಪ್ಪ ಹುಟ್ಟಿದ್ದು ಅಲ್ಲೇ, ಅವರ ತಾತ ಹುಟ್ಟಿದ್ದೂ ಅಲ್ಲೇ, ಎಸ್ಸೆಸ್ಸೆಲ್ಸಿಲಿ ಕನ್ನಡದಲ್ಲಿ ನನಗಿಂತ ಜಾಸ್ತಿ ಮಾರ್ಕ್ಸ್ ತಗೊಂಡೋನು. ನಮ್ಮನೇಲಿ ಮಾತಾಡೋದು ತೆಲುಗು, ನಮ್ಮ ಮನೆದೇವ್ರು ಇರೋದು ಆಂಧ್ರದ ಕದಿರಿಲಿ, ಆದ್ರೆ ನನ್ನನ್ನ ಇವತ್ತಿನವರೆಗೂ ಒಬ್ರೂ ಯಾವಾಗ ಬಂದ್ರಿ ಅಂತ ಕೇಳಿಲ್ಲ.

ಆ ಗೇಟಿನ ಹತ್ರ ನನಗೆ ಬಂದ ಪ್ರಶ್ನೆ ಇದುವರೆಗೂ ಹೋಗಿಲ್ಲ. ಇಬ್ರೂ ವಲಸೆ ಬಂದವ್ರ ಮನೆ ಮಕ್ಕಳೇ, ಒಬ್ಬ ಊರೋನು ಆದ, ಇನ್ನೊಬ್ಬ ಹೊರಗಿನೋನು ಆದ, ಅದು ಹೆಂಗೆ? ಮೊದಲು ಬಂದವ್ರು ಊರವ್ರು, ಆಮೇಲೆ ಬಂದವ್ರು ಹೊರಗಿನವ್ರು ಅಂತ ಸುಲಭವಾಗಿ ಹೇಳ್ಬಿಡ್ತಾರೆ. ನಮ್ಮ ಕೋಲಾರ ಚಿಕ್ಕಬಳ್ಳಾಪುರದ ಇತಿಹಾಸ ಸ್ವಲ್ಪ ಕೆದಕಿದ್ರೂ ಸಾಕು, ಆ ಉತ್ತರ ನಿಲ್ಲಲ್ಲ ಅಂತ ಗೊತ್ತಾಗುತ್ತೆ. ಬಂದಾಗ ಕೈಲಿ ಏನಿತ್ತು, ಬಂದವ್ರನ್ನ ಎಲ್ಲಿ ಇರಿಸಿದ್ರು, ಆಮೇಲೆ ಅವರನ್ನ ಯಾರು ಏನಂತ ಬರ್ಕೊಂಡ್ರು, ಈ ಮೂರರ ಮೇಲೆ ಎಲ್ಲಾ ನಿಂತಿದೆ ಅಂತ ನನಗನ್ಸುತ್ತೆ, ಯಾಕೆ ಅಂತ ಹೇಳ್ತೀನಿ.

ಮೊದಲು ಒಂದು ಹೊಳೆ ಬಗ್ಗೆ ಹೇಳ್ಬೇಕು. ಪಾಲಾರ್. ನಂದಿಬೆಟ್ಟದ ಸಾಲಲ್ಲಿ ಹುಟ್ಟಿ ಕೋಲಾರ ಜಿಲ್ಲೆ ದಾಟಿ, ಬೇತಮಂಗಲದ ಕೆರೆ ತುಂಬಿಸಿ, ಆಂಧ್ರದ ಒಂದು ತುಂಡು ಹಾಯ್ದು, ತಮಿಳುನಾಡಿನ ವಾಣಿಯಂಬಾಡಿ, ಆಂಬೂರು, ವೆಲ್ಲೂರು ಮೇಲಾಸಿ ಕಂಚಿ ಕಡೆ ಹೋಗಿ ಸಮುದ್ರ ಸೇರುತ್ತೆ. ಒಟ್ಟು 348 ಕಿಲೋಮೀಟರ್, ಅದರಲ್ಲಿ ನಮ್ಮ ಪಾಲು 93. ಈಗ ವರ್ಷದಲ್ಲಿ ಬಹುತೇಕ ದಿನ ಬರೀ ಮರಳು, ಜಾಲಿ. ಆದ್ರೆ ಮ್ಯಾಪ್ ತಗೊಂಡು ನೋಡಿ, ಕಂಚಿಯಿಂದ ಕೋಲಾರದ ಬಯಲಿಗೆ ಹತ್ತೋಕೆ ಈ ಹೊಳೆ ಒಂದು ದಾರಿ ಇದ್ದಂಗಿದೆ. ಸಾವಿರ ವರ್ಷದಿಂದ ಜನ ಆ ದಾರೀಲಿ ಹತ್ತಿದಾರೆ, ಇಳಿದಿದಾರೆ.

ಚೋಳರು ಹತ್ತಿ ಬಂದ್ರು. ಕೋಲಾರದ ಕೋಲಾರಮ್ಮನ ಗುಡಿಗೆ ಎಷ್ಟೋ ಸಲ ಹೋಗಿದೀರ, ಗೋಡೆ ಮೇಲಿನ ಅಕ್ಷರ ಗಮನಿಸಿದೀರಾ? ಚೋಳರ ಕಾಲದ ತಮಿಳು ಶಾಸನಗಳು. ಈ ಸೀಮೆಗೆ ಅವರು ಇಟ್ಟಿದ್ದ ಹೆಸರು ನಿಕರಿಲಿ ಚೋಳಮಂಡಲ. ಅದಕ್ಕೂ ಮುಂಚೆ ಗಂಗರಿಗೆ ಇದು ಕುವಳಾಲ, ಅವರ ಮೊದಲ ರಾಜಧಾನಿ. ಅವರು ತಲಕಾಡಿಗೆ ಹೋದ ಮೇಲೂ ತಮ್ಮ ಬಿರುದಲ್ಲಿ "ಕುವಳಾಲ ಪುರವರೇಶ್ವರ" ಅಂತ ಬರೆಸ್ಕೋತಾನೇ ಇದ್ರು, "ನಂದಗಿರಿನಾಥ" ಅಂತ ಕೂಡ. ಊರು ಬಿಟ್ಟು ಎಷ್ಟು ತಲೆಮಾರು ಆದ್ರೂ ಹೆಸರಲ್ಲಿ ಊರು ಉಳ್ಕೊಂಡಿದೆ. ಇದನ್ನ ನೆನಪಲ್ಲಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಆಮೇಲೆ ಬರೋದು ಆವತಿ ಕಥೆ. ದೇವನಹಳ್ಳಿ ತಾಲ್ಲೂಕಿನ ಆವತಿ, ಹೈವೇಲಿ ನಂದಿಬೆಟ್ಟಕ್ಕೆ ಹೋಗೋವಾಗ ಸಿಗುತ್ತೆ. ಮೊರಸು ಒಕ್ಕಲಿಗರ ಐತಿಹ್ಯ ಹೇಳೋದು ಏನಂದ್ರೆ, ಕಂಚಿ ಸೀಮೇಲಿ ರಣಭೈರೇಗೌಡ ಅನ್ನೋ ಹಿರೀಕನ ಮನೆ ಹೆಣ್ಣುಮಗಳನ್ನ ಒಬ್ಬ ಬಲಾಢ್ಯ ಬಲವಂತವಾಗಿ ಮದುವೆಗೆ ಕೇಳ್ದ, ಕೊಡೋಕೆ ಇಷ್ಟ ಇಲ್ದೆ ಮನೆಮಂದಿ ಎಲ್ಲಾ ರಾತ್ರೋರಾತ್ರಿ ಗಾಡಿ ಕಟ್ಕೊಂಡು ಹೊರಟ್ರು, ಹಿಂದೆ ಬೆನ್ನಟ್ಟಿ ಬರ್ತಾ ಇದಾರೆ, ಮುಂದೆ ಪಾಲಾರ್ ತುಂಬಿ ಹರೀತಾ ಇದೆ, ಆಗ ಹೊಳೆ ಇಬ್ಭಾಗ ಆಗಿ ದಾರಿ ಬಿಡ್ತು. ಹಂಗೆ ಬಂದವ್ರು ಬೆಟ್ಟದ ಬುಡದಲ್ಲಿ ಗಾಡಿ ನಿಲ್ಲಿಸಿ ಬೇಸಾಯ ಹಿಡಿದ್ರು, 15ನೇ ಶತಮಾನದ ಮಾತು. ಆ ವಂಶದ ಕವಲುಗಳೇ ದೇವನಹಳ್ಳಿ, ಚಿಕ್ಕಬಳ್ಳಾಪುರ, ದೊಡ್ಡಬಳ್ಳಾಪುರ ಆಳಿದ್ದು, ಯಲಹಂಕದ ನಾಡಪ್ರಭುಗಳ ಮೂಲವನ್ನೂ ಅಲ್ಲಿಗೇ ಸೇರಿಸ್ತಾರೆ, ಅಂದ್ರೆ 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರ ಮನೆತನ. 2022ರ ನವೆಂಬರ್‌ನಲ್ಲಿ ಏರ್‌ಪೋರ್ಟ್ ಹತ್ರ ನಿಲ್ಲಿಸಿದ 108 ಅಡಿ ಪ್ರತಿಮೆ ಅವರದ್ದೇ, ಅದು ಇರೋದೂ ಆವತಿ ಇರೋ ಅದೇ ದೇವನಹಳ್ಳಿ ತಾಲ್ಲೂಕಲ್ಲೇ.

ಹೊಳೆ ಇಬ್ಭಾಗ ಆಯ್ತಾ ಇಲ್ವಾ ಅಂತ ನಾನು ವಾದಕ್ಕೆ ಇಳಿಯಲ್ಲ. ನನಗೆ ಮುಖ್ಯ ಆಗಿದ್ದು ಆ ಕುಲದವ್ರು ತಮ್ಮ ಬಗ್ಗೆ ತಾವೇ ಹೇಳ್ಕೊಳ್ಳೋ ಮೊದಲ ಮಾತೇ "ನಾವು ಬಂದವ್ರು" ಅನ್ನೋದು. ಓಡಿ ಬಂದವ್ರು, ಗಾಡಿ ಕಟ್ಕೊಂಡು ಬಂದವ್ರು. ಅದನ್ನ ಮುಚ್ಚಿಡ್ಲಿಲ್ಲ, ಹೆಮ್ಮೆಯಿಂದ ಹಾಡಿ ಹೇಳಿದ್ರು. ಆದ್ರೂ ಇವತ್ತು ಅವರನ್ನ ವಲಸಿಗರು ಅಂತ ಯಾರಾದ್ರೂ ಕರೀತಾರಾ? ನಾಡಪ್ರಭು ಅಂತೀವಿ, ಮಣ್ಣಿನ ಮಕ್ಕಳು ಅಂತೀವಿ, ಅದು ಸರಿಯೇ, ಐನೂರು ವರ್ಷದಿಂದ ಈ ಮಣ್ಣು ಉತ್ತವ್ರು ಅವರು. ಅವರಿಗೆ ಬಂದಾಗ ಜಮೀನು ಸಿಕ್ತು, ಜಮೀನಿಂದ ಕೋಟೆ ಬಂತು, ಕೋಟೆಯಿಂದ ಹೆಸರು ಬಂತು. ಇದೇ ಪಾಲಾರ್ ದಂಡೆಯಿಂದ ನಾನೂರು ವರ್ಷ ಆದ್ಮೇಲೆ ಹತ್ತಿ ಬಂದ ಇನ್ನೊಂದು ಗುಂಪಿಗೆ ಜಮೀನು ಸಿಗ್ಲಿಲ್ಲ, ಸುರಂಗ ಸಿಕ್ತು. ಅದಕ್ಕೆ ಬರ್ತೀನಿ.

ಅದಕ್ಕೆ ಮುಂಚೆ ನಮ್ಮನೆ ವಿಷ್ಯ. ನಮ್ಮ ಕಡೆ ಇತಿಹಾಸ ಪುಸ್ತಕದಲ್ಲಿ ಇರೋದು ಕಮ್ಮಿ, ಮನೇಲಿ ಇರೋದು ಜಾಸ್ತಿ, ಹುಡುಕೋಕೆ ಗೊತ್ತಿರ್ಬೇಕು ಅಷ್ಟೆ. ನಮ್ಮ ಅವ್ವ, ಅಂದ್ರೆ ಅಪ್ಪನ ತಾಯಿ (ನಮ್ಮ ತೆಲುಗು ಮನೆಗಳಲ್ಲಿ ಅಜ್ಜಿನ ಅವ್ವ ಅಂತೀವಿ), ಮನೇಲಿ ಮಗು ಹುಟ್ಟಿದ್ರೆ ಮೊದಲ ಮುಡಿ ಕದಿರಿ ನರಸಿಂಹಸ್ವಾಮಿಗೇ ಕೊಡ್ಬೇಕು ಅಂತ ಹಟ ಹಿಡೀತಿದ್ಲು. ನಾನು ಚಿಕ್ಕೋನಿದ್ದಾಗ ಕೇಳಿದ್ದೆ, ಇಲ್ಲೇ ಮಾಲೂರು ಹತ್ರ ಚಿಕ್ಕತಿರುಪತಿ ಇದೆ, ಮುಳಬಾಗಿಲಲ್ಲೇ ಆಂಜನೇಯನ ಗುಡಿ ಇದೆ, ಅಷ್ಟು ದೂರ ಯಾಕವ್ವ ಅಂತ. "ಅದಿ ಮನ ದೇವುಡು ರಾ" ಅಂದ್ಲು, ಅಷ್ಟೇ ಉತ್ತರ. ಅದು ನಮ್ಮ ದೇವ್ರು ಕಣೋ ಅಂತ. ದೊಡ್ಡೋನಾದ ಮೇಲೆ ಅರ್ಥ ಆಯ್ತು, ಮನೆದೇವ್ರು ಅನ್ನೋದು ಒಂದು ವಿಳಾಸ. ನಮ್ಮ ಹಿರೀಕರು ಯಾವ ಸೀಮೆ ಬಿಟ್ಟು ಬಂದ್ರೋ ಆ ಸೀಮೆ ದೇವ್ರನ್ನ ಬಿಡ್ಲಿಲ್ಲ, ಊರಿನ ಹೆಸರು ಮರೆತೋಯ್ತು, ಯಾಕೆ ಬಂದ್ರು ಅನ್ನೋದು ಮರೆತೋಯ್ತು, ದೇವ್ರಿರೋ ಜಾಗ ಮಾತ್ರ ನೆನಪಲ್ಲುಳೀತು. ನಿಮ್ಮ ಮನೆದೇವ್ರು ನಿಮ್ಮೂರಿಂದ ಮೂರ್ನಾಲ್ಕು ತಾಲ್ಲೂಕು ಆಚೆ ಇದ್ರೆ ನಿಮ್ಮ ಮನೇಲೂ ಇಂಥದೇ ಒಂದು ಗಾಡಿ ಪ್ರಯಾಣ ಆಗಿರೋ ಸಾಧ್ಯತೆ ಜಾಸ್ತಿ, ಮನೇಲಿರೋ ದೊಡ್ಡೋರನ್ನ ಈಗ್ಲೇ ಕೇಳಿ ಬರ್ಕೊಳ್ಳಿ, ನಮ್ಮ ಅವ್ವ ಹೋದ ಮೇಲೆ ನನಗೆ ಕೇಳೋಕೆ ಯಾರೂ ಉಳಿದಿಲ್ಲ.

ಹೆಸರಿನ ಇನಿಷಿಯಲ್ಲೂ ಹಂಗೇ. ಗಂಗರ ಬಿರುದು ಹೇಳಿದ್ನಲ್ಲ, ನಮ್ಮಲ್ಲಿ ಅದು ಒಂದೇ ಅಕ್ಷರಕ್ಕೆ ಇಳಿದಿದೆ. ಡಿವಿಜಿ ಹುಟ್ಟಿದ್ದು 1887ರಲ್ಲಿ ನಮ್ಮ ಮುಳಬಾಗಿಲಲ್ಲಿ, ಆದ್ರೆ ಡಿ ಅಂದ್ರೆ ದೇವನಹಳ್ಳಿ. ಸರ್ ಎಂವಿ ಹುಟ್ಟಿದ್ದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿ, ಎಂ ಅಂದ್ರೆ ಮೋಕ್ಷಗುಂಡಂ, ಅದು ಆಂಧ್ರದಲ್ಲಿರೋ ಊರು, ಅವರ ಪೂರ್ವಿಕರು ಅಲ್ಲಿಂದ ಬಂದವ್ರು, ಮನೆಮಾತು ತೆಲುಗು. ಕನ್ನಂಬಾಡಿ ಕಟ್ಟೆ ಅಂದ್ರೆ ಕನ್ನಡಿಗರ ಕಣ್ಮುಂದೆ ಬರೋ ಮುಖ ಅವರದ್ದು. ಮಾಸ್ತಿ ಮಾಲೂರು ತಾಲ್ಲೂಕಿನವ್ರು, ಮನೇಲಿ ತಮಿಳು, 1983ರ ಜ್ಞಾನಪೀಠ ಬಂದಿದ್ದು ಕನ್ನಡಕ್ಕೆ. ಇವರಲ್ಲಿ ಯಾರನ್ನೂ ನಾವು ಯಾವಾಗ ಬಂದ್ರಿ ಅಂತ ಕೇಳಲ್ಲ. ಮನೇಲಿ ಮಾತಾಡೋ ಭಾಷೆ, ಬರೆಯೋ ಭಾಷೆ, ಪೂಜೆ ಮಾಡೋ ಭಾಷೆ ಬೇರೆಬೇರೆ ಇದ್ದು ಒಬ್ಬ ಮನುಷ್ಯ ಪೂರ್ತಿ ಇಲ್ಲಿಯೋನು ಆಗ್ಬಹುದು ಅನ್ನೋದಕ್ಕೆ ನಮ್ಮ ಜಿಲ್ಲೆಗಳಿಗಿಂತ ಒಳ್ಳೆ ಸಾಕ್ಷಿ ಬೇಡ. ಕೈವಾರದ ತಾತಯ್ಯನವ್ರು ಕನ್ನಡದಲ್ಲೂ ತೆಲುಗಲ್ಲೂ ಕೀರ್ತನೆ ಮಾಡಿದ್ರು, ಚಿಂತಾಮಣಿ ಕಡೆ ಭಜನೆಗೆ ಕೂತ್ರೆ ಯಾವುದು ಯಾವ ಭಾಷೆ ಅಂತ ಯಾರೂ ಲೆಕ್ಕ ಇಡಲ್ಲ.

ಈಗ ಒಂದು ಪ್ರಶ್ನೆ ಬರುತ್ತೆ. ವಲಸೆ ಹೋದವ್ರ ಭಾಷೆ ಮೂರು ತಲೆಮಾರಿಗೆ ಹೋಗ್ಬಿಡುತ್ತೆ ಅಂತಾರಲ್ಲ, ತಾತ ಮಾತಾಡ್ತಾನೆ, ಅಪ್ಪನಿಗೆ ಅರ್ಥ ಆಗುತ್ತೆ, ಮಗನಿಗೆ ಬರಲ್ಲ ಅಂತ. ಬೆಂಗಳೂರಿನ ಫ್ಲ್ಯಾಟಲ್ಲಿ ಬೆಳೀತಿರೋ ನಮ್ಮಣ್ಣನ ಮಗನಿಗೆ ತೆಲುಗು ಬರಲ್ಲ, ಅದು ನಿಜ. ಮತ್ತೆ ಶ್ರೀನಿವಾಸಪುರ, ಬಾಗೇಪಲ್ಲಿ, ಗೌರಿಬಿದನೂರು ಕಡೆ ತೆಲುಗು ಇಷ್ಟು ಶತಮಾನ ಹೆಂಗೆ ಉಳೀತು? ನನಗೆ ಗೊತ್ತಾಗಿರೋ ಮಟ್ಟಿಗೆ ಇದಕ್ಕೆ ಕಾರಣ ಅಭಿಮಾನಕ್ಕಿಂತ ಮನೆಗಳ ಸಾಲು. ಒಂಟಿ ಮನೆಯಾಗಿ ಬಂದವ್ರು ಬೀದಿಯ ಭಾಷೆಗೆ ಸೇರ್ಕೋತಾರೆ. ಊರಿಗೆ ಊರೇ ಬಂದು ಕೂತ್ರೆ ಬೀದಿನೇ ಅವರ ಭಾಷೆಗೆ ಬರುತ್ತೆ. ಇಲ್ಲಿಗೆ ಬಂದವ್ರು ಹಂಗೆ ಗುಂಪುಗುಂಪಾಗಿ ಬಂದವ್ರು, ವಿಜಯನಗರದ ಕಾಲದಲ್ಲಿ, ಅದು ಬಿದ್ದ ಮೇಲೆ ಪಾಳೇಗಾರರ ಕಾಲದಲ್ಲಿ. ಕೆರೆ ಅಗೆಯೋಕೆ, ಕಲ್ಲು ಒಡೆಯೋಕೆ ಬಂದ ಭೋವಿಗಳ ಮನೆಮಾತೂ ತೆಲುಗೇ. ವರ್ಷಪೂರ್ತಿ ಹರಿಯೋ ಹೊಳೆ ಇಲ್ಲದ ಈ ಸೀಮೇಲಿ ಸಾವಿರಾರು ಕೆರೆ ಇದಾವಲ್ಲ, ಎಷ್ಟೋ ಏರಿಗೆ ಮಣ್ಣು ಹೊತ್ತವ್ರು ಅಂಥವ್ರು, ಅವರ ಹೆಸರು ಮಾತ್ರ ಯಾವ ಶಾಸನದಲ್ಲೂ ಸಿಗೋದು ಅಪರೂಪ, ಇದು ನನಗೆ ತುಂಬಾ ನೋವಾಗೋ ವಿಷ್ಯ.

ದಖ್ಖನಿ ಉರ್ದು ಬೇರೆ ದಾರೀಲಿ ಬಂತು. ಬಿಜಾಪುರದ ಸೈನ್ಯ, ಆಮೇಲೆ ತುಮಕೂರಿನ ಸಿರಾದಲ್ಲಿ 1687ರಲ್ಲಿ ಮೊಘಲರು ಮಾಡ್ಕೊಂಡ ಸುಬಾ, ಅಂದ್ರೆ ಪ್ರಾಂತ್ಯ. ಆ ಸಿರಾ ನವಾಬರ ಹತ್ರ ಕೆಲಸಕ್ಕಿದ್ದ ಫತೇ ಮಹಮದ್ ಅವರ ಗೋರಿ ಕೋಲಾರದಲ್ಲಿದೆ, ಅವರ ಮಗ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿ. ಇವತ್ತು ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರ್ಕೆಟ್‌ಗೆ ಬೆಳಿಗ್ಗೆ ಹೋಗಿ ನಿಂತ್ರೆ ಈ ಎಲ್ಲಾ ದಾರಿಗಳೂ ಒಂದೇ ಕಡೆ ಸೇರಿರೋದು ಕಿವಿಗೇ ಕೇಳ್ಸುತ್ತೆ. ರೈತ ತೆಲುಗಲ್ಲಿ ಪಕ್ಕದೋನ ಹತ್ರ ಇವತ್ತಿನ ರೇಟ್ ಮಾತಾಡ್ತಾನೆ, ರೀಲರ್ (ಗೂಡಿಂದ ನೂಲು ತೆಗೆಯೋನು) ಗೂಡು ಕೈಲಿ ಅಲ್ಲಾಡಿಸಿ ನೋಡ್ತಾ ಇನ್ನೊಬ್ಬ ರೀಲರ್‌ಗೆ ಉರ್ದುಲಿ ಏನೋ ಹೇಳ್ತಾನೆ, ಇಬ್ರೂ ತಿರುಗಿ ಕನ್ನಡದಲ್ಲಿ ವ್ಯವಹಾರ ಮುಗಿಸ್ತಾರೆ. ಅವರಿಗೆ ಇದು ಮೂರು ಭಾಷೆ ಅಂತ ಅನ್ಸೋದೇ ಇಲ್ಲ, ಒಂದೇ ಮಾತಿನ ಮೂರು ಮಗ್ಗುಲು ಇದ್ದಂಗೆ.

ಇಲ್ಲಿಗೆ ಸರ್ಕಾರ ಬಂತು. ಭಾಷೆ ಮೇಲೆ ರಾಜ್ಯ ಮಾಡ್ಬೇಕು ಅಂತ ಆದಾಗ ಕೋಲಾರ ಒಂದು ತಲೆನೋವಾಯ್ತು, ಯಾಕಂದ್ರೆ ಆಗ ಜಿಲ್ಲೇಲಿ ಕನ್ನಡಕ್ಕಿಂತ ತೆಲುಗು ಮನೆಮಾತಿನವ್ರೇ ಜಾಸ್ತಿ ಇದ್ರು. ಆದ್ರೂ ರಾಜ್ಯಗಳ ಮರುವಿಂಗಡಣೆಗೆ ಕೂತಿದ್ದ ಫಜಲ್ ಅಲಿ ಆಯೋಗ ಇದನ್ನ ಕರ್ನಾಟಕದ ಕಡೆಗೇ ಉಳಿಸ್ತು, 1956ರಲ್ಲಿ ಗಡಿ ಗಟ್ಟಿ ಆಯ್ತು. ನನ್ನ ದೃಷ್ಟೀಲಿ ಅದು ಒಳ್ಳೇದೇ ಆಯ್ತು, ಇಲ್ಲಿ ಜನರ ಬದುಕು, ಸಂತೆ, ಕೋರ್ಟು, ಸ್ಕೂಲು ಎಲ್ಲಾ ಮೈಸೂರು ಸಂಸ್ಥಾನದ ಜೊತೆ ಬೆಳೆದಿತ್ತು. ತುಮಕೂರಿನ ಪಾವಗಡ ನೋಡಿ, ಸುತ್ತ ಬಹುಪಾಲು ಆಂಧ್ರ, ಅಲ್ಲಿಂದ ಜಿಲ್ಲಾ ಕೇಂದ್ರಕ್ಕೆ ಹೋಗೋ ಬಸ್ಸೂ ಆಂಧ್ರದ ಮಡಕಶಿರಾ ಮೇಲೆ ಬರುತ್ತೆ, ಆ ಮಡಕಶಿರಾದಲ್ಲಿ ಕನ್ನಡ ಮಾತಾಡೋ ಮನೆಗಳಿದಾವೆ. ಗೆರೆ ಎಳೆದವ್ರು ಗೆರೆ ಎಳೆದ್ರು, ಹೆಣ್ಣು ಕೊಡೋದು ತರೋದು ಗೆರೆ ನೋಡ್ಕೊಂಡು ನಡೀಲಿಲ್ಲ.

ಹಂಗಾಗಿ ನಮ್ಮಂಥ ತೆಲುಗು ಮನೆಯವ್ರಿಗೆ 1956 ಆದ್ಮೇಲೆ ಏನಾಯ್ತು ಅಂದ್ರೆ, ರಾಜ್ಯವೇ ನಮ್ಮನ್ನ ಜಮೀನಿನ ಸಮೇತ ಒಳಗೆ ತಗೊಂಡ್ತು. ಪಹಣಿಲಿ ಹೆಸರಿತ್ತು, ಊರಲ್ಲಿ ಗುಡಿಯಿತ್ತು, ಪಂಚಾಯ್ತಿಲಿ ಮಾತು ನಡೀತಿತ್ತು. ಅದಕ್ಕೇ ಇರ್ಬೇಕು, ಓನರ್ ನನ್ನನ್ನ ಕೇಳ್ಲಿಲ್ಲ.

ಈಗ ಕೆಜಿಎಫ್‌ಗೆ ಬರ್ತೀನಿ. 1876ರಿಂದ 78ರವರೆಗೆ ಬಂದ ಆ ಭೀಕರ ಬರದ ಬಗ್ಗೆ ನಮ್ಮ ಸ್ಕೂಲ್ ಪುಸ್ತಕದಲ್ಲಿ ಎರಡು ಸಾಲು ಇತ್ತೋ ಏನೋ. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷಕ್ಕೂ ಮೇಲಿದ್ದಿದ್ದು 1881ರ ಲೆಕ್ಕಕ್ಕೆ 42 ಲಕ್ಷದ ಹತ್ರ ಇಳಿದಿತ್ತು. ಮದ್ರಾಸ್ ಸೀಮೇಲೂ ಅದೇ ಹಾಹಾಕಾರ. ಅದಕ್ಕೆ ಸ್ವಲ್ಪ ಮುಂಚೆ ಮೈಕೆಲ್ ಲವೆಲ್ ಅನ್ನೋ ಐರಿಷ್ ಸೈನಿಕ ಕೋಲಾರದಲ್ಲಿ ಚಿನ್ನ ತೆಗೆಯೋಕೆ ಪರವಾನಗಿ ತಗೊಂಡಿದ್ದ, 1880ರ ಸುಮಾರಿಗೆ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದು ದೊಡ್ಡ ಮಟ್ಟದಲ್ಲಿ ಶುರು ಮಾಡ್ತು. ಕಂಪನಿಗೆ ಆಳು ಬೇಕಿತ್ತು. ಪಾಲಾರ್ ಕೆಳದಂಡೆಯ ಉತ್ತರ ಆರ್ಕಾಟ್‌ನಿಂದ, ಪಕ್ಕದ ಚಿತ್ತೂರು, ಸೇಲಂ ಕಡೆಯಿಂದ ಜನ ಬಂದ್ರು, ಅವರಲ್ಲಿ ಹೆಚ್ಚಿನವ್ರು ದಲಿತರು. ಊರಲ್ಲಿ ಬೇರೆಯವ್ರ ಜಮೀನಲ್ಲಿ ಜೀತ, ನೀರಿಗೆ ಬೇರೆ ಬಾವಿ, ಬರ ಬಂದ್ರೆ ಮೊದಲು ಸಾಯೋದು ಅವರೇ. ಇಲ್ಲಿ ಕೈಗೆ ಕಾಸಿನ ಕೂಲಿ ಸಿಗ್ತಿತ್ತು. ಭೂಮಿ ಒಳಗೆ ಹೋಗಿ ಸತ್ರೂ ಪರವಾಗಿಲ್ಲ, ಗೌಡನ ಮುಂದೆ ಕೈಕಟ್ಟಿ ನಿಲ್ಲೋದು ಬೇಡ ಅಂತ ಎಷ್ಟು ಜನ ಗಂಟು ಕಟ್ಕೊಂಡಿರ್ಬೇಕು ನೀವೇ ಯೋಚನೆ ಮಾಡಿ.

ಅವರನ್ನ ಎಲ್ಲಿ ಇರಿಸಿದ್ರು? ಲೈನಲ್ಲಿ. ಒಂದೊಂದು ಮೈನಿಗೆ ಸೇರಿದ ಸಾಲುಮನೆಗಳು, ಒಂದು ರೂಮು, ಶುರುವಿನಲ್ಲಿ ತಟ್ಟಿ ಗೋಡೆ. ಆಚೆ ಕಡೆ ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಬಂದವ್ರಿಗೆ, ಇಟಲಿಯವ್ರಿಗೆ, ಆಂಗ್ಲೋ ಇಂಡಿಯನ್ನರಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ, ಅದಕ್ಕೇ ಲಿಟ್ಲ್ ಇಂಗ್ಲೆಂಡ್ ಅಂತ ಹೆಸರು ಬಂದಿದ್ದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟ್ ತಂದ್ರು, ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ಬೇತಮಂಗಲದಿಂದ ಪಾಲಾರ್ ನೀರು ಬಂತು. ಹಿಂದೆ ಹೇಳಿದ್ದು ಇಲ್ಲಿಗೂ ಅನ್ವಯಿಸುತ್ತೆ, ಮನೆಗಳ ಸಾಲು. ಲೈನಲ್ಲಿ ಪಕ್ಕದ ಮನೆ ತಮಿಳು, ಎದುರು ಮನೆ ತಮಿಳು, ಶಾಫ್ಟಿನ ಒಳಗೆ ಜೊತೆಗಾರನ ಮಾತು ತಮಿಳು, ಮೂರು ಕಿಲೋಮೀಟರ್‌ಗೂ ಜಾಸ್ತಿ ಆಳದಲ್ಲಿ ಆ ಸೆಕೆಲಿ, ರಾಕ್ ಬರ್ಸ್ಟ್ (ಒತ್ತಡಕ್ಕೆ ಬಂಡೆ ಸಿಡಿಯೋದು) ಆಗೋ ಭಯದಲ್ಲಿ ಪ್ರಾಣ ಉಳಿಸೋದು ಜೊತೆಗಾರನ ಕೂಗೇ. ಆ ಭಾಷೆ ಹೆಂಗೆ ಹೋಗುತ್ತೆ ಹೇಳಿ? ಕನ್ನಡ ಕಲೀಲಿಲ್ಲ ಅಂತ ಅವರನ್ನ ದೂರೋರು ಅವರನ್ನ ಅಲ್ಲಿ ಕೂಡಿಟ್ಟಿದ್ದು ಕಂಪನಿ ಅನ್ನೋದನ್ನ ಮರೀತಾರೆ. ಸುತ್ತಮುತ್ತಲ ಹಳ್ಳಿಯಾದ್ರೂ ಕನ್ನಡದ್ದಾ ಅಂದ್ರೆ ಅದೂ ಬಹುಪಾಲು ತೆಲುಗೇ ಆಗಿತ್ತು.

ನನಗೆ ತುಂಬಾ ಗೌರವ ಇರೋದು ಅವರು ಆಮೇಲೆ ಮಾಡಿದ್ದಕ್ಕೆ. ಕೂಲಿ ಅಂತ ಬರೆಸ್ಕೊಂಡು ಬಂದವ್ರು ತಾವು ಯಾರು ಅಂತ ತಾವೇ ಹೇಳೋಕೆ ಶುರು ಮಾಡಿದ್ರು. ಮದ್ರಾಸಿನ ಅಯೋತ್ತಿ ದಾಸ್ ಪಂಡಿತರು ನಾವು ಮೂಲದಲ್ಲಿ ಬೌದ್ಧರು, ಜಾತಿಗೆ ಮುಂಚಿನವ್ರು ಅಂತ ಹೇಳಿ ಬೌದ್ಧ ಸಂಘ ಕಟ್ಟಿದ್ರಲ್ಲ, ಅದರ ಶಾಖೆ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಶುರುವಾಯ್ತು, ಅಂಬೇಡ್ಕರ್ ಅವರು ನಾಗಪುರದಲ್ಲಿ ದೀಕ್ಷೆ ತಗೊಂಡ 1956ಕ್ಕಿಂತ ಎಷ್ಟೋ ಮುಂಚೆ. 1930ರಲ್ಲಿ ಕಂಪನಿ ಎಲ್ಲರ ಬೆರಳಚ್ಚು ತಗೊಂಡು ದಾಖಲೆ ಮಾಡ್ತೀವಿ ಅಂದಾಗ ಕೆಲಸ ನಿಲ್ಲಿಸಿ ಮುಷ್ಕರ ಮಾಡಿದ್ರು. ಬೆರಳಚ್ಚು ಅಂದ್ರೆ ಅವರ ದೃಷ್ಟೀಲಿ ಕಳ್ಳರ ಹತ್ರ ತಗೊಳ್ಳೋದು. ಇನ್ನೊಬ್ಬರು ನಮ್ಮನ್ನ ಹೆಂಗೆ ಗುರುತಿಸ್ಬೇಕು ಅನ್ನೋದ್ರ ಮೇಲೆ ಕೂಲಿಯವ್ರು ಮುಷ್ಕರ ಮಾಡಿದ್ರು, ಅದೂ 1930ರಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಕೆಜಿಎಫ್ ರಿಪಬ್ಲಿಕನ್ ಪಾರ್ಟಿ, ಕಮ್ಯುನಿಸ್ಟ್, ಅಣ್ಣಾ ಡಿಎಂಕೆ ಶಾಸಕರನ್ನ ಆರಿಸಿ ಕಳಿಸಿದೆ. ಪಕ್ಕದ ಕ್ಷೇತ್ರಗಳ ರಾಜಕೀಯಕ್ಕೂ ಇದಕ್ಕೂ ಸಂಬಂಧನೇ ಇರ್ಲಿಲ್ಲ. ತಮಿಳು ಅನ್ನೋದು, ದಲಿತ ಅನ್ನೋದು, ಗಣಿ ಕಾರ್ಮಿಕ ಅನ್ನೋದು ಮೂರೂ ಸೇರಿ ಅಲ್ಲಿ ಒಂದು ಹೊಸ ಗುರುತು ಹುಟ್ಟಿತ್ತು, ಅದು ಆರ್ಕಾಟ್‌ನಲ್ಲೂ ಇರ್ಲಿಲ್ಲ, ಮೈಸೂರಲ್ಲೂ ಇರ್ಲಿಲ್ಲ.

ಇನ್ನೊಂದು ವಿಷ್ಯ ಜಾಸ್ತಿ ಜನಕ್ಕೆ ಗೊತ್ತಿಲ್ಲ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಪರಿಶಿಷ್ಟ ಜಾತಿ ಪಟ್ಟಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ರಾಷ್ಟ್ರಪತಿಗಳ ಆದೇಶ ಬಂದಿದ್ದು 1950ರ ಆಗಸ್ಟ್ 10ಕ್ಕೆ. ಆ ತಾರೀಖಿಗೆ ನಿಮ್ಮ ಮನೆತನ ಯಾವ ರಾಜ್ಯದಲ್ಲಿ ನೆಲೆಸಿತ್ತೋ ಅಲ್ಲಿಯ ಪಟ್ಟಿ ನಿಮಗೆ ಅನ್ವಯ. ಆಮೇಲೆ ಬೇರೆ ರಾಜ್ಯಕ್ಕೆ ಬಂದಿದ್ರೆ, ಅದೇ ಜಾತಿ ಹೆಸರು ಎರಡೂ ಪಟ್ಟಿಲಿ ಇದ್ರೂ, ಹೊಸ ರಾಜ್ಯದಲ್ಲಿ ಮೀಸಲಾತಿ ಸಿಗಲ್ಲ. ಆದಿದ್ರಾವಿಡ ಅನ್ನೋದು ಕರ್ನಾಟಕದ ಪಟ್ಟಿಲಿ ಇದೆ, ತಮಿಳುನಾಡಿನ ಪಟ್ಟಿಲೂ ಇದೆ. ಅಂದ್ರೆ ಒಂದೇ ಊರಿಂದ ಬಂದ ಇಬ್ರು ಅಣ್ಣತಮ್ಮಂದಿರಲ್ಲಿ ಅಣ್ಣ 1948ರಲ್ಲಿ ಬಂದು ನೆಲೆಸಿ ತಮ್ಮ 1952ರಲ್ಲಿ ಬಂದಿದ್ರೆ, ಅಣ್ಣನ ಮೊಮ್ಮಕ್ಕಳು ಇಲ್ಲಿಯವ್ರು, ತಮ್ಮನ ಮೊಮ್ಮಕ್ಕಳು ವಲಸಿಗರು. ಮನೇಲಿ ಎಲ್ಲಾ ಒಂದೇ ಹಬ್ಬ, ಒಂದೇ ಅಡುಗೆ, ಒಂದೇ ಅಳು. ಕಾಗದದ ಮೇಲೆ ಬೇರೆಬೇರೆ. ಅದಕ್ಕೇ ಕೆಜಿಎಫ್ ಮನೆಗಳಲ್ಲಿ ಹಳೇ ಗಣಿ ಕಾಗದ, ರೇಷನ್ ಕಾರ್ಡ್ ಇವನ್ನೆಲ್ಲಾ ಚಿನ್ನಕ್ಕಿಂತ ಜೋಪಾನವಾಗಿ ಟ್ರಂಕಲ್ಲಿ ಇಟ್ಟಿರ್ತಾರೆ. ನನ್ನ ಫ್ರೆಂಡ್ ಮನೇಲೂ ಅವರ ಮುತ್ತಾತನ ಹಿತ್ತಾಳೆ ಟೋಕನ್ ಇದೆ. ಕೆಳಗಿಳಿಯೋವಾಗ ಕೊಟ್ಟು ಮೇಲೆ ಬಂದ ಮೇಲೆ ವಾಪಸ್ ತಗೊಳ್ಳೋದು, ಸಂಜೆ ಟೋಕನ್ ಕಿಟಕಿಲೇ ಉಳಿದ್ರೆ ಆ ಮನುಷ್ಯ ಒಳಗೇ ಉಳಿದ ಅಂತ ಅರ್ಥ. ಅದರ ಮೇಲೆ ಹೆಸರಿಲ್ಲ, ನಂಬರ್ ಮಾತ್ರ.

ಕಾಗದ ನಮ್ಮನ್ನ ಎಷ್ಟು ಬದಲಾಯಿಸುತ್ತೆ ಅಂದ್ರೆ, ಜನಗಣತಿಲಿ ಮಾತೃಭಾಷೆಗೆ ಇರೋದು ಒಂದೇ ಕಾಲಂ. ಶಿಡ್ಲಘಟ್ಟದ ಆ ರೈತ ಏನು ಬರೆಸ್ಬೇಕು? ಚಿಂತಾಮಣಿಯವ್ರು 2007ರ ತನಕ ಕೋಲಾರ ಜಿಲ್ಲೆಯವ್ರು, ಆಮೇಲೆ ಚಿಕ್ಕಬಳ್ಳಾಪುರದವ್ರು, ಅವರ ಹಳೇ ಮಾರ್ಕ್ಸ್ ಕಾರ್ಡಲ್ಲಿ ಇನ್ನೂ ಕೋಲಾರ. 2025ರಲ್ಲಿ ನಂದಿಬೆಟ್ಟದಲ್ಲಿ ನಡೆದ ಸಂಪುಟ ಸಭೇಲಿ ಬಾಗೇಪಲ್ಲಿಗೆ ಭಾಗ್ಯನಗರ ಅಂತ ಹೆಸರಿಡೋಕೆ ಒಪ್ಪಿಗೆ ಕೊಟ್ರು, ಪಲ್ಲಿ ಅನ್ನೋದು ತೆಲುಗು ಅಂತ. ಕನ್ನಡದ ಹೆಸರು ಬೇಕು ಅನ್ನೋರ ಆಸೆ ನನಗೆ ಅರ್ಥ ಆಗುತ್ತೆ, ಗಡಿ ಊರಲ್ಲಿ ಕನ್ನಡಕ್ಕೆ ಬಲ ಬೇಕು, ಸ್ಕೂಲು ಬೇಕು, ಟೀಚರ್ ಬೇಕು. ಆದ್ರೆ ಪಲ್ಲಿ ಅನ್ನೋ ಎರಡಕ್ಷರದಲ್ಲಿ ಯಾರೋ ಬಂದು ಗಾಡಿ ನಿಲ್ಲಿಸಿದ ನೆನಪಿದೆ, ಅದನ್ನ ಅಳಿಸಿದ್ರೆ ನಮ್ಮದೇ ಒಂದು ಪುಟ ಹರಿದಂಗೆ ಅಂತ ನನಗೆ ಸಂಕಟ ಆಗುತ್ತೆ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. 120 ವರ್ಷದಲ್ಲಿ ಸುಮಾರು 800 ಟನ್ ಚಿನ್ನ ಹೋದ ಮೇಲೆ ಉಳಿದಿದ್ದು ಚಿನ್ನ ತೆಗೆದು ಸುರಿದ ಮಣ್ಣಿನ ಸೈನೈಡ್ ದಿಬ್ಬ, ಲೈನ್ ಮನೆ, ಮತ್ತೆ ಬೆಳಗಿನ ಜಾವದ ಟ್ರೈನು. ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗೋ ಆ ಟ್ರೈನಲ್ಲಿ ಸೀಟ್ ಸಿಕ್ಕಿದ್ರೆ ಪುಣ್ಯ, ಕತ್ತಲಲ್ಲಿ ಹೋಗಿ ಕತ್ತಲಲ್ಲಿ ವಾಪಸ್ ಬರ್ತಾರೆ, ಅವರ ತಾತಂದಿರು ಶಿಫ್ಟಿಗೆ ಇಳೀತಿದ್ದಂಗೆ. ಬಂಗಾರಪೇಟೇಲಿ ಕನ್ನಡದವ್ರು ತೆಲುಗಿನವ್ರು ಹತ್ತಿದ ಮೇಲೆ ಬೋಗಿಲಿ ಮಾತು ಬದಲಾಗುತ್ತೆ, ಕೆಜಿಎಫ್ ಹುಡುಗರು ಅದೇ ವಾಕ್ಯದ ಮಧ್ಯೆ ಕನ್ನಡಕ್ಕೆ ಬರ್ತಾರೆ. ನೀರಿನ ಕಥೇನೂ ಹಂಗೇ ಆಗಿದೆ. ನಮ್ಮ ಜನ ಬೆಂಗಳೂರಿಗೆ ದುಡಿಯೋಕೆ ಹೋದ್ರು, 2018ರಿಂದ ಕೆ.ಸಿ. ವ್ಯಾಲಿ ಪೈಪಲ್ಲಿ ಬೆಂಗಳೂರು ಬಳಸಿಬಿಟ್ಟ ನೀರು ಶುದ್ಧೀಕರಣ ಆಗಿ ಕೋಲಾರದ ಕೆರೆಗಳಿಗೆ ಬರ್ತಾ ಇದೆ.

ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿ ಬಂದ ಮೇಲೆ ಈಗ ಒಡಿಶಾ, ಬಿಹಾರದ ಹುಡುಗರು ಬಂದಿದಾರೆ. ಹತ್ತು ಜನ ಒಂದು ಶೀಟ್ ಮನೇಲಿ, ಸಾಲಾಗಿ. ಅದನ್ನ ನೋಡಿದಾಗೆಲ್ಲಾ ನನಗೆ ಲೈನ್ ನೆನಪಾಗುತ್ತೆ. ಅವರ ಮಕ್ಕಳನ್ನ ನಮ್ಮ ಸರ್ಕಾರಿ ಶಾಲೆ ಬೆಂಚಲ್ಲಿ ನಮ್ಮ ಮಕ್ಕಳ ಪಕ್ಕ ಕೂರಿಸ್ತೀವಾ, ಇಲ್ಲ ಸಾಲುಮನೆಲೇ ಬಿಟ್ಟು ಐವತ್ತು ವರ್ಷ ಆದ್ಮೇಲೆ ಯಾವಾಗ ಬಂದ್ರಿ ಅಂತ ಕೇಳ್ತೀವಾ, ಅದು ಈಗ ತೀರ್ಮಾನ ಆಗ್ತಾ ಇದೆ.

ಹೋದ ಬೇಸಿಗೇಲಿ ನನ್ನ ಫ್ರೆಂಡ್ ಅವರಮ್ಮನ್ನ ಕರ್ಕೊಂಡು ಆಂಬೂರು ಹತ್ರದ ಒಂದು ಹಳ್ಳಿಗೆ ಹೋಗಿದ್ದ. ಮುತ್ತಾತ ಬಿಟ್ಟು ಬಂದ ಊರು ಅದು ಅಂತ ಮನೇಲಿ ಹೇಳ್ತಿದ್ರಂತೆ. ನಾನೂ ಜೊತೇಲಿದ್ದೆ. ಪಾಲಾರ್ ಬತ್ತಿತ್ತು, ಮರಳಲ್ಲಿ ಚಪ್ಪಲಿ ಕೈಲಿಡ್ಕೊಂಡು ನಡ್ಕೊಂಡೇ ದಾಟಿದ್ವಿ. ಆಚೆ ದಂಡೇಲಿ ಹುಣಸೆ ಮರದ ಕೆಳಗೆ ಒಬ್ರು ವಯಸ್ಸಾದವ್ರು ಕೂತಿದ್ರು, ನನ್ನ ಫ್ರೆಂಡ್ ಶುದ್ಧ ತಮಿಳಲ್ಲೇ ಮುತ್ತಾತನ ಹೆಸರು ಹೇಳಿ ಯಾರಾದ್ರೂ ಇದಾರಾ ಅಂತ ಕೇಳ್ದ. ಅವರು ಇವನ ಮಾತು ಕೇಳಿ ಮುಖ ನೋಡಿದ್ರು, ಆ ಹೆಸರು ಗೊತ್ತಿಲ್ಲ ಅಂತ ತಲೆ ಆಡಿಸಿದ್ರು, ಆಮೇಲೆ ಅಕ್ಕರೆಯಿಂದಲೇ ಕೇಳಿದ್ರು, "ಎಂದ ಊರು ನೀಂಗ?"

ಅವನು ಅಮ್ಮನ ಮುಖ ನೋಡ್ದ. ಅಮ್ಮನೇ ಹೇಳಿದ್ರು, ಕೆಜಿಎಫ್ ಅಂತ.